ಪುಟ್ಟತಾಯಮ್ಮನ ಮನೆಯಲ್ಲುಳಿದ ಗಂಟು

ಚೂಡಾಮಣಿ ಮೊಪೆಡ್ ಹತ್ತಿದ ದಿನ ಸರಸ್ವತಿಪುರಂನ ಅರ್ಧ ಬೀದಿ ಒಲೆಯ ಮೇಲಿನ ಹಾಲನ್ನೂ ಮರೆತು ಗೇಟಿಗೆ ಬಂದು ನಿಂತಿತ್ತು. ಹೆಣ್ಣುಮಕ್ಕಳು ಸೈಕಲ್ ತುಳಿಯುವುದನ್ನೇ ಊರು ಆಗಷ್ಟೇ ಗೊಣಗುತ್ತ ಒಪ್ಪಿಕೊಳ್ಳುತ್ತಿದ್ದ ಕಾಲ, ಸಾವಿರದ ಒಂಬೈನೂರ ಅರವತ್ತರ ಆಚೀಚೆಯ ಮಾತು. ಅಂಥದ್ದರಲ್ಲಿ ಕಚ್ಚೆ ಸೀರೆ ಉಟ್ಟ, ಮಡಿಹುಡಿಯ ಮನೆಯ ಗೃಹಿಣಿ ಪಟಪಟನೆ ಹೊಗೆ ಬಿಡುವ ಯಂತ್ರದ ಮೇಲೆ ಮುಂದೆ. ಪಂಚೆ ಎತ್ತಿ ಕಟ್ಟಿದ ಗಂಡ ಏದುಸಿರು ಬಿಡುತ್ತ ಸೈಕಲ್ಲಿನಲ್ಲಿ ಹಿಂದೆ. ಇದನ್ನು ನೋಡಿಯೂ ನಗದಿದ್ದರೆ ಅವರು ಮನುಷ್ಯರೇ ಅಲ್ಲ ಬಿಡಿ. ಮೂಗಿನ ಮೇಲೆ ಬೆರಳಿಟ್ಟವರು ಇಟ್ಟರು, ಕಿಸಕ್ಕೆಂದವರು ಕಿಸಕ್ಕೆಂದರು, ಎದುರುಮನೆಯ ಪುಟ್ಟತಾಯಮ್ಮ ಮಾತ್ರ ನೇರವಾಗಿ ಕೇಳಿಯೇಬಿಟ್ಟಳು: ಗಂಡಸಾದವರು ಮೋಟಾರು ಓಡಿಸಬಾರದೇ, ಹೆಂಗಸಿಗೆ ಯಾಕೆ ಈ ಉಸಾಬರಿ ಎಂದು. ಚೂಡಾಮಣಿ ನಕ್ಕು ಸುಮ್ಮನಾದಳು. ಕಾರಣ ಹೇಳುವ ಹಾಗಿರಲಿಲ್ಲ.

ಕಾರಣ ಇಷ್ಟೆ. ಅವಳ ಗಂಡ ಬಿಂದುಮಾಧವ ಮೇಷ್ಟ್ರಿಗೆ ಮೂರ್ಛೆ ಬರುತ್ತಿತ್ತು. ಮದುವೆಗೆ ಮುಂಚೆ ಯಾರೂ ಉಸಿರೆತ್ತಿರಲಿಲ್ಲ. ಮದುವೆಯಾದ ಮೊದಲ ವರ್ಷ, ಬಚ್ಚಲ ಒಲೆಯ ಪಕ್ಕದಲ್ಲಿ ನಿಂತವರು ನಿಂತ ಹಾಗೇ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದಾಗಲೇ ಅವಳಿಗೆ ಗೊತ್ತಾದದ್ದು. ಅತ್ತೆ ಓಡಿಬಂದು ಮಗನನ್ನು ಮುಟ್ಟುವ ಮೊದಲು ಹಿತ್ತಿಲ ಬಾಗಿಲು ಹಾಕಿದರು. ಯಾರಿಗೂ ಹೇಳಬೇಡ ಕಣಮ್ಮ ಎಂದು ಸೊಸೆಯ ಎರಡೂ ಕೈ ಹಿಡಿದು ಅತ್ತರು. ಅತ್ತೆ ಹೋಗಿ ಎಷ್ಟೋ ವರ್ಷವಾಗಿತ್ತು. ಆ ಬಾಗಿಲನ್ನು ಚೂಡಾಮಣಿ ಹಾಕಿಕೊಂಡೇ ಬಂದಿದ್ದಳು. ಅಣ್ಣನಿಗೆ ಹೇಳಲಿಲ್ಲ, ಹೆತ್ತ ತಾಯಿಗೂ ಹೇಳಲಿಲ್ಲ. ಆಮೇಲೊಬ್ಬ ಒಳ್ಳೆಯ ಡಾಕ್ಟರು ಸಿಕ್ಕಿ ಮಾತ್ರೆ ಬರೆದುಕೊಟ್ಟರು. ಮೂರು ವರ್ಷದಿಂದ ಒಂದು ಸಲವೂ ಬಂದಿರಲಿಲ್ಲ. ಆದರೆ ಆ ಡಾಕ್ಟರು ಒಂದು ಮಾತು ಹೇಳಿದ್ದರು: ಮಾತ್ರೆ ಅರ್ಧಕ್ಕೆ ನಿಲ್ಲಿಸಿದರೆ ಕಟ್ಟಿಹಾಕಿದ ನಾಯಿಯನ್ನು ಬಿಚ್ಚಿಬಿಟ್ಟ ಹಾಗೆ, ಮೊದಲಿಗಿಂತ ಜೋರಾಗಿ ಮೇಲೆ ಬೀಳುತ್ತದೆ, ಜೀವಕ್ಕೇ ಅಪಾಯ. ಮೇಷ್ಟ್ರು ಆ ಮಾತ್ರೆಯನ್ನು ದಿನಾ ಹೆಂಡತಿಯ ಕಣ್ಣಿಗೂ ಬೀಳದ ಹಾಗೆ ನುಂಗುತ್ತಿದ್ದರು. ಅದರ ಹೆಸರನ್ನು ಮನೆಯಲ್ಲಿ ಇಬ್ಬರೂ ಎತ್ತುತ್ತಿರಲಿಲ್ಲ.

ಇಂಥವರಿಗೆ ಸೈಕಲ್ ಮೇಲೆ ಸಮುದ್ರ ತೀರ ಸುತ್ತುವ ಹುಚ್ಚು ಯಾಕೆ ಬಂತು ಅಂತೀರಾ? ಅವರು ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಪಶ್ಚಿಮ ಕರಾವಳಿಯನ್ನು ಬೋರ್ಡಿನ ಮೇಲೆ ಕಣ್ಣು ಮುಚ್ಚಿ ಬರೆಯುತ್ತಿದ್ದರು, ಒಂದೊಂದು ಹೊಳೆ ಎಲ್ಲಿ ಸಮುದ್ರ ಸೇರುತ್ತದೆ ಎಂದು ಚುಕ್ಕೆ ಇಡುತ್ತಿದ್ದರು. ನೀರಿನ ಹತ್ತಿರ ಹೋಗಬೇಡ ಎಂದು ಮನೆಯವರು ಹುಟ್ಟಿದಾಗಿನಿಂದ ತಡೆದಿದ್ದರಿಂದ ಸಮುದ್ರವನ್ನು ಮಾತ್ರ ಕಂಡಿರಲಿಲ್ಲ. ಮೂರು ವರ್ಷ ಆರಾಮಾಗಿ ಕಳೆದದ್ದೇ, ಬೇಸಿಗೆ ರಜಕ್ಕೆ ಮಂಗಳೂರಿಗೆ ಇಳಿದು, ತೀರ ಹಿಡಿದು ಗೋಕರ್ಣದವರೆಗೆ ಹೋಗಿಬರೋಣ ಎಂದರು. ಬಸ್ಸಿನಲ್ಲಿ ಹೋಗೋಣ ಎಂದಳು ಇವಳು. ಬಸ್ಸಿನಲ್ಲಿ ಕಿಟಕಿಯಷ್ಟೇ ಸಮುದ್ರ ಕಾಣುತ್ತದೆ ಎಂದರು. ಅವರ ಮುಖ ನೋಡಿ ಬೇಡವೆನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಅವಳಣ್ಣ ಅನಂತಪದ್ಮನಾಭ ದೆಹಲಿಗೆ ವರ್ಗವಾಗಿ ಹೋಗುವಾಗ ತನ್ನ ಮೊಪೆಡ್ಡನ್ನು ಇವರ ಅಂಗಳದಲ್ಲಿ ಬಿಟ್ಟುಹೋಗಿದ್ದ. ಒಂದೇ ಷರತ್ತು ಎಂದಳು: ಇಂಜಿನ್ನು ನನ್ನ ಕೈಯಲ್ಲಿರಬೇಕು, ನೀವು ಸೈಕಲ್ಲಿನಲ್ಲಿ ನಿಧಾನಕ್ಕೆ ಬರಬೇಕು.

ಹಾಗೆ ಶುರುವಾಯಿತು. ಬೆಳಗಿನ ಹೊತ್ತು ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಹತ್ತಿ ಇಳಿದು ಅಭ್ಯಾಸ ಮಾಡಿದರು. ಇಳಿಜಾರಿನಲ್ಲಿ ಬ್ರೇಕು ಕಮಟು ವಾಸನೆ ಹೊಡೆಯುತ್ತಿತ್ತು, ಚೂಡಾಮಣಿಯ ಜೀವ ಬಾಯಿಗೆ ಬರುತ್ತಿತ್ತು. ಮೊಪೆಡ್ಡಿಗೆ ಕನ್ನಡಿಯಿರಲಿಲ್ಲ, ತಿರುಗಿ ನೋಡಿದರೆ ಹ್ಯಾಂಡಲ್ಲು ವಾಲುತ್ತಿತ್ತು. ಅದಕ್ಕೆ ಮೇಷ್ಟ್ರು ಆಗಾಗ ಬೆಲ್ಲು ಹೊಡೆಯಬೇಕೆಂದು ಗೊತ್ತುಮಾಡಿಕೊಂಡರು. ಬೆಲ್ಲು ಕೇಳಿದರೆ ಗಂಡ ಇದ್ದಾರೆ ಎಂದು ಅರ್ಥ.

ಹೊರಡಬೇಕೆಂದುಕೊಂಡ ಶುಕ್ರವಾರ ಪಂಚಾಂಗದಲ್ಲಿ ಪ್ರಯಾಣಕ್ಕೆ ಒಳ್ಳೆಯದಿರಲಿಲ್ಲ, ಬುಧವಾರ ಒಳ್ಳೆಯದಿತ್ತು. ಬುಧವಾರ ಮೇಷ್ಟ್ರಿಗೆ ಸ್ಕೂಲಿನ ಕೆಲಸ. ಇಂಥದ್ದಕ್ಕೆ ನಮ್ಮ ಹಿರಿಯರು ಉಪಾಯ ಮಾಡಿಟ್ಟಿದ್ದಾರಲ್ಲ, ಪರಸ್ಥಾನ. ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಗಂಟೊಂದನ್ನು ಬೇರೆಯವರ ಮನೆಯಲ್ಲಿ ಇಟ್ಟುಬಂದರೆ ಆಗಲೇ ಹೊರಟಂತೆ ಲೆಕ್ಕ. ನಿಜವಾಗಿ ಹೊರಡುವ ದಿನ ದಾರಿಯಲ್ಲಿ ಅದನ್ನು ಎತ್ತಿಕೊಂಡು ಹೋದರಾಯಿತು. ಗಂಟಿನಲ್ಲಿ ಯಾವುದಿಲ್ಲದೆ ಪ್ರಯಾಣ ಸಾಗದೋ ಅದನ್ನೇ ಇಡಬೇಕು ಎನ್ನುತ್ತಿದ್ದರು ಅವಳ ಅಜ್ಜಿ. ಚೂಡಾಮಣಿ ಹಿಡಿ ಅಕ್ಕಿ, ಅರಿಶಿನದ ಕೊಂಬು ಹಾಕಿದಳು. ಒಂದು ಗಳಿಗೆ ಯೋಚಿಸಿ, ಮಾತ್ರೆಯ ಸೀಸೆಯನ್ನೂ ಡಾಕ್ಟರ ಚೀಟಿಯನ್ನೂ ಟವೆಲಿನಲ್ಲಿ ಸುತ್ತಿ ಒಳಗಿಟ್ಟಳು. ದಾರಿಖರ್ಚಿಗೆಂದು ಮೇಷ್ಟ್ರು ಆಗಲೇ ಒಂದಿಷ್ಟು ಮಾತ್ರೆಯನ್ನು ಅಂಗಿಯ ಜೇಬಿನ ತಗಡಿನ ಡಬ್ಬಿಗೆ ತುಂಬಿಕೊಂಡಿದ್ದರು. ಗಂಟು ಎದುರುಮನೆಯ ಪುಟ್ಟತಾಯಮ್ಮನ ಜಗಲಿಯ ಗೂಡು ಸೇರಿತು. ಒಳಗೇನಿದೆ ಎಂದು ಆಕೆ ಕೇಳಲಿಲ್ಲ.

ಶುಕ್ರವಾರ ಬೆಳಗ್ಗೆ ಮೊಪೆಡ್ಡು ಹಟ ಹಿಡಿಯಿತು. ತುಳಿದು ತುಳಿದು ಚೂಡಾಮಣಿಯ ಕಾಲು ಸೋತ ಮೇಲೆ ಅಂತೂ ಹೊತ್ತಿಕೊಂಡಿತು. ನಿಲ್ಲಿಸಿದರೆ ಮತ್ತೆ ಕೆಟ್ಟೀತೆಂದು ಅವಳು ಪುಟ್ಟತಾಯಮ್ಮನ ಬಾಗಿಲಲ್ಲಿ ಚೂರು ತಡೆದು, ಹಿಂದಿನಿಂದ ಬರುವವರು ಎತ್ತಿಕೊಳ್ಳುತ್ತಾರೆ ಎಂದು ಮುಂದೆ ಹೋದಳು. ಮೇಷ್ಟ್ರು ಅವಳು ಆ ಬಾಗಿಲಲ್ಲಿ ತಡೆದದ್ದನ್ನು ನೋಡಿದ್ದರು, ಎತ್ತಿಕೊಂಡಳು ಎಂದುಕೊಂಡರು. ಬಾಯಿಬಿಟ್ಟು ಕೇಳುವ ವಸ್ತುವಾಗಿದ್ದರೆ ಒಬ್ಬರಾದರೂ ಕೇಳುತ್ತಿದ್ದರು. ಕೇಳುವ ವಸ್ತುವಲ್ಲವಲ್ಲ.

ಹುಣಸೂರು ದಾಟಿತು, ಮಡಿಕೇರಿ ದಾಟಿತು. ಘಾಟಿಯ ತಿರುವುಗಳಲ್ಲಿ ಚೂಡಾಮಣಿ ರಸ್ತೆ ನೋಡಿದ್ದಕ್ಕಿಂತ ಹಿಂದಿನ ಬೆಲ್ಲಿಗೆ ಕಿವಿ ಕೊಟ್ಟದ್ದೇ ಹೆಚ್ಚು. ಒಂದು ತಿರುವಿನಲ್ಲಿ ಎಷ್ಟು ಹೊತ್ತಾದರೂ ಬೆಲ್ಲು ಕೇಳಲಿಲ್ಲ. ಮೊಪೆಡ್ಡನ್ನು ಮೋರಿಯ ಕಲ್ಲಿಗೆ ಒರಗಿಸಿ ಸೀರೆ ಎತ್ತಿ ಹಿಡಿದು ಮೇಲಕ್ಕೆ ಓಡಿದಳು. ಮೇಷ್ಟ್ರು ಸೈಕಲ್ ನಿಲ್ಲಿಸಿ ಕಣಿವೆಯನ್ನು ನೋಡುತ್ತ ನಿಂತಿದ್ದರು, ಸುಬ್ರಹ್ಮಣ್ಯದ ಬೆಟ್ಟ ಯಾವ ದಿಕ್ಕು ಎಂದು ಕೈ ತೋರಿಸಿದರು. ಅವಳಿಗೆ ಅಳು, ಕೋಪ ಎರಡೂ ಒಟ್ಟಿಗೇ ಬಂದವು. ಅವರ ಮುಂದೆ ಎರಡನ್ನೂ ನುಂಗಿಕೊಂಡಳು.

ಸಮುದ್ರ ಕಂಡ ದಿನದ ಮಾತು ಬೇರೆ. ಮಂಗಳೂರು ಬಿಟ್ಟು ತೆಂಗಿನ ತೋಟಗಳ ನಡುವೆ ಬಡಗಕ್ಕೆ ಹೋಗುತ್ತ ಒಂದು ಕಡೆ ರಸ್ತೆಗೆ ಅಂಟಿಕೊಂಡೇ ನೀರು ಬಂತು. ಮೇಷ್ಟ್ರು ಸೈಕಲ್ಲನ್ನು ಮರಳಿನಲ್ಲಿ ಬೀಳಿಸಿ, ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ಆಮೇಲೆ, ನಾನು ಬೋರ್ಡಿನ ಮೇಲೆ ಬರೀತಿದ್ದದ್ದು ಇದನ್ನಲ್ಲ ಕಣೇ ಎಂದರು. ಅವರನ್ನು ಅಷ್ಟು ಸುಖವಾಗಿ ಅವಳು ಮದುವೆಯಾದಾಗಿನಿಂದ ನೋಡಿರಲಿಲ್ಲ. ತನ್ನ ಭಯವೆಲ್ಲ ಹೆಂಗಸಿನ ಹುಚ್ಚು ಭಯ ಎಂದುಕೊಂಡು ತಾನೂ ಮೊಣಕಾಲ ತನಕ ನೀರಿಗೆ ಇಳಿದಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು ಅಂತಾರಲ್ಲ. ಕುಂದಾಪುರ, ಬೈಂದೂರು ದಾಟಿ ಭಟ್ಕಳದ ಒಂದು ಛತ್ರದಲ್ಲಿ ಇಳಿದಿದ್ದಾಗ, ಬೆಳಗ್ಗೆ ಬಾವಿಕಟ್ಟೆಯಲ್ಲಿ ಮೇಷ್ಟ್ರ ಅಂಗಿ ಒಗೆಯಲು ತೆಗೆದಳು. ಜೇಬಿನಲ್ಲಿ ತಗಡಿನ ಡಬ್ಬಿ ಕೈಗೆ ಸಿಕ್ಕಿತು. ಅಲ್ಲಾಡಿಸಿದರೆ ಸದ್ದಿಲ್ಲ. ಮುಚ್ಚಳ ತೆಗೆದಳು. ಒಳಗೆ ಬೆವರಿಗೆ ತುಕ್ಕು ಹಿಡಿದ ತಗಡು ಬಿಟ್ಟರೆ ಏನೂ ಇರಲಿಲ್ಲ. ಗಂಟಿನಿಂದ ತೆಗೆದು ತುಂಬಿಕೊಂಡಿಲ್ಲವೇ ಎಂದುಕೊಂಡು ಒಳಗೆ ಹೋಗಿ ಸೈಕಲ್ಲಿನ ಚೀಲ ಬಿಚ್ಚಿ ಸುರಿದಳು. ಗಂಟಿಲ್ಲ. ತನ್ನ ಚೀಲ ಸುರಿದಳು. ಅಲ್ಲಿ ಇರುವುದು ಸಾಧ್ಯವಿಲ್ಲವೆಂದು ಗೊತ್ತಿದ್ದೂ ಮೂಲೆ ಮೂಲೆ ಹುಡುಕಿದಳು. ಪುಟ್ಟತಾಯಮ್ಮನ ಜಗಲಿಯ ಗೂಡು ಕಣ್ಣ ಮುಂದೆ ಬಂತು.

ಸ್ನಾನ ಮುಗಿಸಿ ಬಂದ ಮೇಷ್ಟ್ರು ಹರಡಿದ ಬಟ್ಟೆಗಳನ್ನು ನೋಡಿದರು, ಹೆಂಡತಿಯ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದರು. ಏನೂ ಕೇಳಲಿಲ್ಲ. ಆ ಕೇಳದೆ ಇದ್ದದ್ದರಲ್ಲೇ ಚೂಡಾಮಣಿಗೆ ತಿಳಿದುಹೋಯಿತು.

“ಯಾವತ್ತಿಂದ ತಗೊಂಡಿಲ್ಲ ನೀವು?”

“ಮಂಗಳೂರಿಂದ ಈಚೆಗೆ,” ಎಂದರು ಮೇಷ್ಟ್ರು, ಪಂಚೆಯ ಅಂಚು ಸರಿಮಾಡಿಕೊಳ್ಳುತ್ತ. “ಡಬ್ಬಿ ಖಾಲಿಯಾದಾಗ ನಿನ್ನ ಚೀಲ ನೋಡ್ದೆ, ಗಂಟಿರಲಿಲ್ಲ. ನಿನಗೆ ಹೇಳಿದ್ರೆ ನೀನು ಅಲ್ಲಿಂದಲೇ ಹಿಂದಕ್ಕೆ ತಿರುಗಿಸ್ತಿದ್ದೆ. ಏನಾಯ್ತು ಈಗ? ಚೆನ್ನಾಗೇ ಇದೀನಲ್ಲ.”

ಡಾಕ್ಟರನ್ನು ಹುಡುಕೋಣ ಎಂದಳು. ಗೊತ್ತಿಲ್ಲದ ಊರಿನಲ್ಲಿ ಗೊತ್ತಿಲ್ಲದವನ ಮುಂದೆ ನಿಂತು, ನನಗೆ ಇಂಥ ರೋಗ ಎಂದು ಹೇಳು ಅಂತೀಯಾ ಎಂದರು. ಮೇಷ್ಟ್ರು ದನಿ ಏರಿಸುವವರಲ್ಲ. ಆ ದಿನ ಏರಿಸಿದರು. ವಾಪಸು ಹೋಗೋಣ ಎಂದಳು. ಹಿಂದಕ್ಕೆ ಊರಿಗೆ ವಾರದ ದಾರಿ, ಮುಂದಕ್ಕೆ ಎರಡೇ ದಿನದ ದಾರಿ ಎಂದರು. ಅದು ಸುಳ್ಳಾಗಿರಲಿಲ್ಲ. ಅತ್ತ ದರಿ ಇತ್ತ ಪುಲಿ. ಛತ್ರದವರನ್ನು ವಿಚಾರಿಸಿದ್ದಕ್ಕೆ, ದೊಡ್ಡ ಡಾಕ್ಟರು ಬೇಕೆಂದರೆ ಹೊನ್ನಾವರಕ್ಕೇ ಹೋಗಬೇಕು, ಶರಾವತಿ ದಾಟಿದರೆ ಆಚೆ ದಡದಲ್ಲೇ ಊರು ಎಂದರು. ಹೊಟ್ಟೆನೋವಿಗೆ ಎಂದು ಸುಳ್ಳು ಹೇಳಿ ಕೇಳಿದ್ದಳು ಚೂಡಾಮಣಿ. ಅವತ್ತಿಗೂ ಆ ಸುಳ್ಳೇ ಅವಳ ಬಾಯಿಗೆ ಸಲೀಸಾಗಿ ಬಂದದ್ದು.

ಅಲ್ಲಿಂದ ಅವಳು ಗಂಡನನ್ನು ಮುಂದೆ ಬಿಟ್ಟಳು. ಬೆಲ್ಲಿನ ನೆಚ್ಚಿಕೆ ಸಾಲದು, ಕಣ್ಣಿಗೆ ಕಾಣಬೇಕು. ಸೈಕಲ್ಲಿನ ವೇಗಕ್ಕೆ ಮೊಪೆಡ್ಡನ್ನು ಹಿಡಿದು ಹಿಡಿದು ಇಂಜಿನ್ನು ಕಾದು ಕಾಲು ಸುಡುತ್ತಿತ್ತು. ಅವಳಿಗೆ ಅದರ ಪರಿವೆಯಿರಲಿಲ್ಲ. ಮುಂದೆ ಒಂದು ಬೆನ್ನು, ಒಂದು ಬೋಳು ಕತ್ತು, ಬೆವರಿಗೆ ಒದ್ದೆಯಾದ ಬಿಳಿ ಅಂಗಿ. ಅದು ಚೂರು ಎಡಕ್ಕೆ ವಾಲಿದರೆ ಇವಳ ಉಸಿರು ನಿಲ್ಲುತ್ತಿತ್ತು. ಗುಂಡಿ ತಪ್ಪಿಸಲು ವಾಲಿದ್ದು ಎಂದು ತಿಳಿದು ಮತ್ತೆ ಉಸಿರಾಡುತ್ತಿದ್ದಳು. ಮೂರ್ಛೆ ಬರುವ ಮುಂಚೆ ಅವರ ಎಡಗೈಯ ಹೆಬ್ಬೆರಳು ತನ್ನಷ್ಟಕ್ಕೇ ತೋರುಬೆರಳನ್ನು ಉಜ್ಜತೊಡಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆ ಬೆರಳನ್ನೇ ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಎದುರಿಗೆ ಲಾರಿ ಬಂದಾಗಲೆಲ್ಲ, ಈಗ ಬಂದರೆ, ಈಗ ಬಂದರೆ ಎಂದು ಮೊಪೆಡ್ಡನ್ನು ಅವರ ಹಿಂದಿನ ಚಕ್ರದ ಹತ್ತಿರಕ್ಕೆ ತರುತ್ತಿದ್ದಳು. ಎಡಗಡೆ ಸಮುದ್ರ ಬಂದು ಹೋಗುತ್ತಿತ್ತು, ಅದನ್ನು ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ.

ಶರಾವತಿಯ ದಡಕ್ಕೆ ಬಂದಾಗ ಬಿಸಿಲು ಇಳಿಯತೊಡಗಿತ್ತು. ಹೊಳೆ ಎಂದರೆ ಕಾವೇರಿಯನ್ನು, ಕಪಿಲೆಯನ್ನು ಕಂಡ ಕಣ್ಣು ಅವಳದು. ಆಚೆ ದಡದ ಮನೆಗಳು ಅಕ್ಕಿಕಾಳಿನಷ್ಟಾಗಿ ಕಾಣುವ ಈ ನೀರನ್ನು ಹೊಳೆ ಎನ್ನಲು ಅವಳಿಗೆ ಮನಸ್ಸು ಬರಲಿಲ್ಲ. ಸೇತುವೆಯಿಲ್ಲ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲ್ಲಿನಲ್ಲಿ ಜನ, ದನ, ಗಾಡಿ ಎಲ್ಲ ದಾಟಬೇಕು. ಸುತ್ತ ಕಟಕಟೆ ಎಂಬುದಿಲ್ಲ. ಹಲಗೆ ಮುಗಿದಲ್ಲಿ ನೀರು. ಮೀನಿನ ಬುಟ್ಟಿಯ ಹೆಂಗಸರು, ತೆಂಗಿನಕಾಯಿ ಮೂಟೆಯವರು ಆಗಲೇ ಹತ್ತುತ್ತಿದ್ದರು. ಮೇಷ್ಟ್ರು ಸೈಕಲ್ಲನ್ನು ಎತ್ತಿಕೊಟ್ಟು ತಾವೂ ಹತ್ತಿ, ಎಲ್ಲರಿಗಿಂತ ತುದಿಗೆ ಹೋಗಿ, ಹೊಳೆ ಸಮುದ್ರ ಸೇರುವ ಅಳಿವೆಯ ಕಡೆ ಮುಖ ಮಾಡಿ ನಿಂತರು. ಒಳಗೆ ಬನ್ನಿ ಎಂದು ಕರೆದಳು. ಇಲ್ಲಿಂದಲೇ ಚೆನ್ನಾಗಿ ಕಾಣುತ್ತದೆ ಎಂದರು.

ಚೂಡಾಮಣಿ ದಡದಲ್ಲೇ ನಿಂತಳು. ಹತ್ತಿದರೂ ಭಯ, ಹತ್ತದಿದ್ದರೂ ಭಯ. ಡಾಕ್ಟರು ಇರುವುದು ಆಚೆ. ಆ ಬೆರಳು ಉಜ್ಜತೊಡಗಿದರೆ ತಾನು ಓಡಿ ಹಿಡಿಯುವಷ್ಟರಲ್ಲಿ ಮನುಷ್ಯ ನೀರಿನಲ್ಲಿ. ಹಿಡಿದರೂ ಏನು? ಮೂರ್ಛೆ ಬಂದಾಗ ಅವರ ಮೈಗೆ ಬರುವ ಬಲ ಅವಳಿಗೆ ಗೊತ್ತಿಲ್ಲವೇ, ಇಬ್ಬರೂ ಒಟ್ಟಿಗೇ ಹೋಗುತ್ತಾರೆ. ಅತ್ತೆ ಕೈ ಹಿಡಿದು ಅತ್ತದ್ದು ನೆನಪಾಯಿತು. ಆದರೂ ಹಗ್ಗ ಬಿಚ್ಚುತ್ತಿದ್ದ ಅಂಬಿಗನ ಹತ್ತಿರ ಹೋದಳು. ನರೆತ ಗಡ್ಡದ, ಅಗಲ ಎದೆಯ ಮನುಷ್ಯ.

“ಅಣ್ಣಾ,” ಎಂದಳು. ಅವನು ಕೈಯ ಹಗ್ಗ ಬಿಡದೆ ತಿರುಗಿದ. “ಅಣ್ಣಾ, ಅಲ್ಲಿ ತುದೀಲಿ ನಿಂತಿರೋರು ನಮ್ಮ ಯಜಮಾನರು. ಅವರಿಗೆ ಮೂರ್ಛೆ ಬರುತ್ತೆ. ಔಷಧೀನ ಊರಲ್ಲೇ ಬಿಟ್ಟು ಬಂದ್ಬಿಟ್ಟಿದೀವಿ. ನೀರಿನ ಮಧ್ಯೆ ಬಂದರೆ ನನ್ನ ಕೈಲಿ ಹಿಡಿಯಕ್ಕಾಗಲ್ಲ.”

ಹೇಳಿ ಮುಗಿಸುವಷ್ಟರಲ್ಲಿ ಗಂಡನನ್ನು ನಡುಬೀದಿಯಲ್ಲಿ ಬೆತ್ತಲೆ ಮಾಡಿ ನಿಲ್ಲಿಸಿದೆನೋ ಎನ್ನಿಸಿತು. ಅಂಬಿಗ ಮೇಷ್ಟ್ರ ಕಡೆ ಒಂದು ಸಲ ನೋಡಿದ. ಬಾಯಲ್ಲಿದ್ದ ಎಲೆಯಡಿಕೆ ಉಗಿದ. ದೋಣಿ ನೂಕುವ ಗಳವನ್ನು ಜೊತೆಯವನ ಕೈಗೆ ಕೊಟ್ಟು, ತಾನು ಹೋಗಿ ಮೇಷ್ಟ್ರ ಬೆನ್ನ ಹಿಂದೆ ಸುಮ್ಮನೆ ನಿಂತುಕೊಂಡ.

ಜಂಗಲ್ಲು ದಡ ಬಿಟ್ಟಿತು. ಚೂಡಾಮಣಿ ಮೊಪೆಡ್ಡನ್ನು ಎರಡೂ ಕೈಯಲ್ಲಿ ಹಿಡಿದು ನಡುವೆ ನಿಂತಳು. ಮೇಷ್ಟ್ರು ಗೆಲುವಾಗಿದ್ದರು. ತಿರುಗಿ ಅವಳಿಗೆ ಕೈ ಮಾಡಿ ತೋರಿಸಿದರು: ಅಲ್ಲಿ ನೋಡು, ಹೊಳೆಯ ನೀರಿನ ಬಣ್ಣ ಬೇರೆ, ಉಪ್ಪುನೀರಿನ ಬಣ್ಣ ಬೇರೆ, ಭರತದ ಹೊತ್ತಿನಲ್ಲಿ ಸಮುದ್ರವೇ ಹೊಳೆಯೊಳಗೆ ಹಿಂದಕ್ಕೆ ಬರುತ್ತದೆ. ಪಕ್ಕದ ತೆಂಗಿನಕಾಯಿಯವನು ತಲೆದೂಗಿದ. ಇವರು ಉತ್ಸಾಹದಿಂದ ಇನ್ನೂ ಏನೋ ಹೇಳಹೊರಟು, ಮಾತಿನ ನಡುವೆ ನಿಂತುಬಿಟ್ಟರು. ಏನು ಹೇಳುತ್ತಿದ್ದೆ ಎಂದು ಮರೆತವರ ಹಾಗೆ ನೀರನ್ನೇ ನೋಡಿದರು. ಪಂಚೆಯ ಪಕ್ಕದಲ್ಲಿ ಎಡಗೈಯ ಹೆಬ್ಬೆರಳು ಮೆಲ್ಲಗೆ ಉಜ್ಜುತ್ತಿತ್ತು.

ಅವಳು ಮೊಪೆಡ್ಡನ್ನು ಬಿಟ್ಟಳು. ಅದು ದಡಾರನೆ ಹಲಗೆಯ ಮೇಲೆ ಬಿತ್ತು. ಅವಳು ಮೀನಿನ ಬುಟ್ಟಿಗಳನ್ನು ಎಡವಿ ಮುಂದೆ ನುಗ್ಗುವಷ್ಟರಲ್ಲಿ ಮೇಷ್ಟ್ರ ಮೈ ಬಿಲ್ಲಿನಂತೆ ಸೆಟೆದು ಆಚೆಗೆ, ನೀರಿನ ಕಡೆಗೆ, ಮಗುಚಿತು. ಒಂದು ಕಾಲು ಆಗಲೇ ನೀರಿನಲ್ಲಿತ್ತು. ಅಂಬಿಗ ಎರಡೂ ತೋಳಿನಿಂದ ಸೊಂಟಕ್ಕೆ ಕೈ ಹಾಕಿ ತಬ್ಬಿ ಹಿಡಿದಿದ್ದ. ಅವನ ಮೊಣಕಾಲೂ ಹಲಗೆಯ ಅಂಚಿಗೆ ಜಾರಿತು. ಇನ್ನಿಬ್ಬರು ಓಡಿಬಂದು ಅವನನ್ನು ಹಿಡಿದರು. ಅಷ್ಟು ಜನ ಸೇರಿ ಎಳೆದ ಮೇಲೆ ಮೇಷ್ಟ್ರು ಹಲಗೆಯ ಮೇಲೆ ಬಂದು ಬಿದ್ದರು.

ಗಲಾಟೆ ಎದ್ದಿತು. ನೀರಿನ ಭೂತ ಮೆಟ್ಟಿತು ಎಂದನೊಬ್ಬ. ಕೈಗೆ ಕಬ್ಬಿಣ ಕೊಡಿ ಎಂದು ಯಾರೋ ಬೀಗದ ಕೈ ಚಾಚಿದರು. ಚೂಡಾಮಣಿ ಗಂಡನ ತಲೆಯನ್ನು ತೊಡೆಯ ಮೇಲೆ ಒಂದು ಮಗ್ಗುಲಾಗಿ ಇಟ್ಟುಕೊಂಡು ತಲೆಯೆತ್ತಿದಳು. “ಭೂತ ಅಲ್ಲ. ಇದು ಕಾಯಿಲೆ, ಇವರಿಗೆ ಮುಂಚಿಂದ ಇದೆ,” ಎಂದಳು, ಎಲ್ಲರಿಗೂ ಕೇಳುವ ಹಾಗೆ. “ಸ್ವಲ್ಪ ಗಾಳಿ ಬಿಡಿ.” ಜನ ಹಿಂದೆ ಸರಿದರು.

ಆದರೆ ಈ ಸಲ ಅದು ನಿಲ್ಲಲಿಲ್ಲ. ಡಾಕ್ಟರು ಹೇಳಿದ್ದು ಇದನ್ನೇ. ಒಂದು ಅಲೆ ಇಳಿಯಿತು ಎನ್ನುವಷ್ಟರಲ್ಲಿ ಇನ್ನೊಂದು ಬಂದು ಮೈಯನ್ನು ಹಲಗೆಗೆ ಬಡಿಯುತ್ತಿತ್ತು. ತುಟಿ ನೀಲಿಯಾಯಿತು. ಮುಖ ಅವಳು ಕಂಡ ಮುಖವೇ ಆಗಿರಲಿಲ್ಲ. ತಾಯಿ ಚಾಮುಂಡಿ, ಕಾಪಾಡು, ಇವರನ್ನು ನನಗೆ ಬಿಡು ಎಂದು ಬಾಯಿ ಒಂದೇ ಸಮನೆ ಪಿಟಿಪಿಟಿ ಅನ್ನುತ್ತಿತ್ತು. ಜಂಗಲ್ಲು ದಾಟುತ್ತಿದೆಯೋ ನಿಂತಿದೆಯೋ ತಿಳಿಯಲಿಲ್ಲ. ಆಮೇಲೆ ಮೈ ಸಡಿಲವಾಯಿತು. ಪೂರ್ತಿ ಸಡಿಲ. ಉಸಿರಿಲ್ಲ. ಅವಳು ಅವರ ಎದೆಯ ಮೇಲೆ ಕಿವಿಯಿಟ್ಟಳು, ತನ್ನ ಎದೆಯೇ ಹೊಡೆದುಕೊಳ್ಳುತ್ತಿದ್ದುದರಿಂದ ಏನೂ ಕೇಳಲಿಲ್ಲ. ಹೋಯಿತು ಎಂದುಕೊಂಡಳು. ನಾನೇ ಕೊಂದೆ, ಬಾಯಿಬಿಟ್ಟು ಕೇಳದೆ ಕೊಂದೆ ಎಂದುಕೊಂಡಳು.

ಆಗ ಗೊರಕೆಯಂಥ ಒಂದು ಉಸಿರು ಒಳಗಿನಿಂದ ಹೊರಟಿತು. ಇನ್ನೊಂದು ಬಂತು. ತುಟಿಗೆ ಬಣ್ಣ ಮರಳತೊಡಗಿತು.

ಅವರು ಕಣ್ಣು ಬಿಡುವ ಹೊತ್ತಿಗೆ ಹೊನ್ನಾವರದ ದಡ ಹತ್ತಿರವಾಗಿತ್ತು. ಮೊದಲು ಆಕಾಶವನ್ನು ನೋಡಿದರು, ಆಮೇಲೆ ಮೇಲೆ ಬಗ್ಗಿದ ಮುಖಗಳನ್ನು. ಅವರ ಕಣ್ಣಿನಲ್ಲಿ ಬಂದ ಹೆದರಿಕೆಯನ್ನು ಚೂಡಾಮಣಿ ಕಂಡಳು. ಸಾಯುವ ಹೆದರಿಕೆಯಲ್ಲ ಅದು. ನಾಲಿಗೆ ತೊದಲುತ್ತಿತ್ತು.

“ಚೂಡಾ,” ಎಂದರು. “ಇವರೆಲ್ಲ ನೋಡಿದ್ರಾ?”

ಅವಳು ಸುತ್ತ ನೋಡಿದಳು. ಅಂಬಿಗ ತರಚಿದ ಮೊಣಕಾಲಿನ ರಕ್ತ ಒರೆಸಿಕೊಳ್ಳುತ್ತಿದ್ದ. ಮೀನಿನ ಹೆಂಗಸೊಬ್ಬಳು ಸೆರಗಿನಿಂದ ಮೇಷ್ಟ್ರಿಗೆ ಗಾಳಿ ಬೀಸುತ್ತಿದ್ದಳು. ತೆಂಗಿನಕಾಯಿಯವನು ಬಿದ್ದಿದ್ದ ಮೊಪೆಡ್ಡನ್ನು ಎತ್ತಿ ಹಿಡಿದು ನಿಂತಿದ್ದ.

“ಎಲ್ಲರೂ ನೋಡಿದ್ರು ಕಣ್ರೀ,” ಎಂದಳು. “ಹತ್ತೋ ಮುಂಚೆ ನಾನೇ ಹೇಳಿದೆ. ಹೇಳಿದ್ದಕ್ಕೇ ನೀವಿದೀರಿ.”

ಮೇಷ್ಟ್ರು ಮುಖವನ್ನು ಅವಳ ಸೀರೆಯ ನಿರಿಗೆಯ ಕಡೆ ತಿರುಗಿಸಿಕೊಂಡರು. ಅವರ ಭುಜ ನಡುಗಿತು. ಅವಳಿಗೆ ಮತ್ತೆ ಬಂತೇನೋ ಎಂದು ಜೀವ ಹಾರಿತು. ಅಳುತ್ತಿದ್ದರು, ಅಷ್ಟೆ. ಯಾರೂ ನಗಲಿಲ್ಲ, ಯಾರೂ ಪಿಸುಗುಟ್ಟಲಿಲ್ಲ. ಮೀನಿನ ಹೆಂಗಸು ತನ್ನ ಬುಟ್ಟಿಯ ಪಕ್ಕದಲ್ಲಿದ್ದ ಕುಡಿಕೆಯನ್ನು ಮುಂದೆ ಚಾಚಿ, ಸ್ವಾಮಿಯೋರು ನಮ್ಮ ಕೈಯ ನೀರು ಕುಡೀಬಹುದೋ ಇಲ್ಲವೋ ಎಂದು ಅನುಮಾನಿಸಿ ಕೇಳಿದಳು. ಚೂಡಾಮಣಿ ಗಂಡನ ಕಡೆ ನೋಡಿದಳು. ಮೇಷ್ಟ್ರು ಅವಳ ತೋಳು ಹಿಡಿದು ಮೆಲ್ಲಗೆ ಎದ್ದು ಕೂತರು. ಕಣ್ಣೊರೆಸಿಕೊಂಡು, ಕುಡಿಕೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಅಷ್ಟು ಜನರ ಎದುರಿಗೇ ಗಟಗಟನೆ ಕುಡಿದರು. ಆಮೇಲೆ ಆ ಹೆಂಗಸನ್ನು, ಹೊನ್ನಾವರದಲ್ಲಿ ಒಳ್ಳೆಯ ಡಾಕ್ಟರ ಮನೆ ಎಲ್ಲಿದೆಯಮ್ಮ, ನನಗೆ ಮೂರ್ಛೆಯ ಕಾಯಿಲೆ ಇದೆ ಎಂದು ಕೇಳಿದರು.